ಮಣೆಯನ್ನು ಮನೆಯೆಂದು ತಿಳಿದು ಹಾಲು ಉಕ್ಕಿಸಿದವರ ಗಮನಕ್ಕೆ

ಸಂಬಂಧಪಟ್ಟ ಇಲಾಖೆ
(ಗ್ಯಾರೇಜು ಶಾಖೆ)
ಮನ್ರೋ, ನ್ಯೂಜೆರ್ಸಿ

ಸಂಖ್ಯೆ: ಸಂಇ/ಗ್ಯಾಶಾ/ಹಸೆಮಣೆ/ಣ-ನ/03/2025
ದಿನಾಂಕ: 14-04-2025

ಸುತ್ತೋಲೆ

ವಿಷಯ: ಈ ಶಾಖೆಯಲ್ಲಿ ತಯಾರಾದ ವಾಲ್ನಟ್ ಹಸೆಮಣೆಯನ್ನು ಹೊಸ ಮನೆಯೆಂದು ತಪ್ಪಾಗಿ ಗ್ರಹಿಸಿ ಅದರ ಮೇಲೆ ಹಾಲು ಉಕ್ಕಿಸಿದ ಪ್ರಕರಣ, ಹಾಗೂ ಇನ್ನು ಮುಂದೆ ಅನುಸರಿಸಬೇಕಾದ ನಡವಳಿಕೆ ಕುರಿತು.

ಉಲ್ಲೇಖ:
1) ಈ ಶಾಖೆಯಿಂದ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಹೋದ ಸಂದೇಶ.
2) ಶ್ರೀಮತಿ ಅಲಮೇಲು ಅವರು ಗ್ಯಾರೇಜಿನ ಬಾಗಿಲಲ್ಲಿ ನಿಂತು ನೀಡಿದ ಮೌಖಿಕ ಹೇಳಿಕೆ.
3) ರಸ್ತೆಯುದ್ದಕ್ಕೂ ನಿಂತ ಕಾರುಗಳ ಬಗ್ಗೆ ಬಡಾವಣೆ ಸಂಘದವರು ಬರೆದ ಪತ್ರ.
4) ಕುಮಾರಿ ರಕ್ಷಾ ಅವರು ಟ್ರೈನಿನಿಂದ ಮಾಡಿದ ಫೋನು.

ಪೀಠಿಕೆ:

ಮೇಲ್ಕಂಡ ವಿಷಯದಲ್ಲಿ ಬಳಗದ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಈ ಶಾಖೆಯ ಮುಖ್ಯಸ್ಥರಾದ ಶ್ರೀ ತಿಪ್ಪಣ್ಣ ಅವರು (ಇನ್ನು ಮುಂದೆ 'ಪ್ರಾಧಿಕಾರ' ಎಂದು ಕರೆಯಲಾಗಿದೆ) ವಾರವಿಡೀ ಒಂದು ಔಷಧ ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದು, ಉಳಿದ ಹೊತ್ತಿನಲ್ಲಿ ಸ್ವಂತ ಗ್ಯಾರೇಜಿನಲ್ಲಿ ಮರಗೆಲಸ ಮಾಡಿಕೊಂಡಿರುತ್ತಾರೆ. ಇದು ಹವ್ಯಾಸ. ಅಂಗಡಿಯಲ್ಲ, ಛತ್ರವಲ್ಲ, ಸಲಹಾ ಕೇಂದ್ರವಂತೂ ಮೊದಲೇ ಅಲ್ಲ.

ಪ್ರಾಧಿಕಾರದ ಏಕಮಾತ್ರ ಪುತ್ರಿ ರಕ್ಷಾ ಅವರ ವಿವಾಹವು ಬರುವ ಜೂನ್ ತಿಂಗಳಲ್ಲಿ ಮಯಾಂಕ್ ಎಂಬ ವರನೊಂದಿಗೆ ನಿಶ್ಚಯವಾಗಿದೆ. ವಧೂವರರು ಕೂರಲು ಒಂದೇ ಹಲಗೆಯ ಹಸೆಮಣೆಯನ್ನು ಮನೆಯಲ್ಲೇ ಮಾಡುವುದೆಂದು ತೀರ್ಮಾನಿಸಿ, ಪೆನ್ಸಿಲ್ವೇನಿಯಾದ ಮರದ ಮಿಲ್ಲಿನಿಂದ ಅಗಲವಾದ ವಾಲ್ನಟ್ ಹಲಗೆಯೊಂದನ್ನು ತಂದು ಗ್ಯಾರೇಜಿನಲ್ಲಿ ಇಡಲಾಯಿತು. ಹಲಗೆ ಒಳಗೆ ಬಂತು, ಕಾರು ಹೊರಗೆ ಹೋಯಿತು. ಚಳಿಗಾಲವಿಡೀ ಪ್ರಾಧಿಕಾರದ ಧರ್ಮಪತ್ನಿ ಶ್ರೀಮತಿ ಶೈಲಮ್ಮ ಅವರು ಕಾರಿನ ಗಾಜಿನ ಮೇಲಿನ ಮಂಜುಗಡ್ಡೆಯನ್ನು ಕೆರೆದು ಕೆಲಸಕ್ಕೆ ಹೋದರು. ಕೆರೆಯುವಾಗ ಅವರು ಆಡಿದ ಮಾತುಗಳನ್ನು ಈ ಸುತ್ತೋಲೆಯಲ್ಲಿ ಅಡಕಗೊಳಿಸಲು ಅವಕಾಶವಿಲ್ಲ.

ಇಷ್ಟಾದರೂ, ಮದುವೆ ನಡೆಯುವ ಹೋಟೆಲಿನವರ ಪ್ಯಾಕೇಜಿನಲ್ಲಿ ಬಂಗಾರದ ಬಣ್ಣ ಬಳಿದ ಎರಡು ಸಿಂಹಾಸನಗಳು ಸೇರಿವೆ. ರಕ್ಷಾ ಅವರು ಅಪ್ಪ ಮಾಡಿದ ಮಣೆಯ ಮೇಲೆ ಕೂರುತ್ತಾರೋ, ಹೋಟೆಲಿನವರ ಸಿಂಹಾಸನದ ಮೇಲೆ ಕೂರುತ್ತಾರೋ ಎಂಬುದು ಆಗಿನ್ನೂ ಇತ್ಯರ್ಥವಾಗಿರಲಿಲ್ಲ. ಪ್ರಾಧಿಕಾರದ ರಕ್ತದೊತ್ತಡಕ್ಕೆ ಇದೇ ಮೂಲ ಕಾರಣ. ಹಾಲಿನ ಪ್ರಕರಣ ಅದರ ಮೇಲೆ ಬಂದದ್ದು.

ಮಣೆಯನ್ನು ಉಜ್ಜಿ ನುಣುಪು ಮಾಡಿ ಮುಗಿಸಿದ ದಿನ, ಪ್ರಾಧಿಕಾರವು ಹುರುಪಿನಲ್ಲಿ "ಹೊಸ ಮಣೆ ರೆಡಿ, ಶನಿವಾರ ಎಲ್ಲರೂ ಬನ್ನಿ" ಎಂಬ ಸಂದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಗುಂಪಿಗೆ ಕಳಿಸಿತು. ಎಂ, ಎ, ಎನ್, ಇ ಎಂಬ ನಾಲ್ಕು ಅಕ್ಷರಗಳಿಗೆ ಮಣೆಯೂ ಒಂದೇ, ಮನೆಯೂ ಒಂದೇ. ಬಳಗದವರು ಮನೆ ಎಂದು ಓದಿಕೊಂಡರು. ಒಬ್ಬರಾದರೂ ಪ್ರಾಧಿಕಾರಕ್ಕೆ ಫೋನು ಮಾಡಿ ವಿಚಾರಿಸಲಿಲ್ಲ. "ತಿಪ್ಪಣ್ಣ ಇನ್ನೊಂದು ಮನೆ ತಗೊಂಡ್ರಂತೆ, ನಮಗೆ ಸುಳಿವೇ ಕೊಡ್ಲಿಲ್ಲ ನೋಡಿ" ಎಂದು ತಮ್ಮತಮ್ಮಲ್ಲೇ ಫೋನು ಮಾಡಿಕೊಂಡರು.

ಶನಿವಾರ ಬೆಳಗ್ಗೆ ರೇಷ್ಮೆ ಸೀರೆ, ಜುಬ್ಬಾ, ಕುಂಡದಲ್ಲಿ ಗಿಡ, ಬಣ್ಣದ ಕಾಗದ ಸುತ್ತಿದ ಡಬ್ಬಗಳೊಂದಿಗೆ ಇಡೀ ಬಳಗ ಗೃಹಪ್ರವೇಶಕ್ಕೆ ಬಂದಿಳಿಯಿತು. ಶ್ರೀಮತಿ ಅಲಮೇಲು ಅವರ ಹೇಳಿಕೆ ಹೀಗಿದೆ: "ಏನ್ರೀ ತಿಪ್ಪಣ್ಣ, ಫ್ಲಶಿಂಗ್ ದೇವಸ್ಥಾನದ ಪ್ರೋಗ್ರಾಂ ಕ್ಯಾನ್ಸಲ್ ಮಾಡ್ಕೊಂಡು ಬಂದಿದೀನಿ. ಮನೆ ಎಲ್ರೀ?" ಪ್ರಾಧಿಕಾರವು ಎರಡು ಸ್ಟ್ಯಾಂಡುಗಳ ಮೇಲಿಟ್ಟಿದ್ದ ಮಣೆಯತ್ತ ಕೈ ತೋರಿಸಿತು. "ಅಯ್ಯೋ, ಇದು ಹಲಗೆ ಅಲ್ವೇನ್ರೀ?" ಎಂದು ಸದರಿಯವರು ಉದ್ಗರಿಸಿರುತ್ತಾರೆ.

ಇಲ್ಲಿಗೇ ಎಲ್ಲರೂ ಕಾಫಿ ಕುಡಿದು ಹೋಗಿದ್ದರೆ ಈ ಸುತ್ತೋಲೆಯ ಅಗತ್ಯ ಬೀಳುತ್ತಿರಲಿಲ್ಲ. ಅಲಮೇಲು ಅವರ ಪತಿ ಶ್ರೀ ಪ್ರಾಣೇಶ ಅವರು, "ತಂದ ಹಾಲು ಹೊಳ್ಳಿ ಒಯ್ಯಬಾರದ್ರೀ. ಗ್ಯಾರೇಜೂ ಮನೀ ಭಾಗನ ಅಲ್ಲೇನು? ಉಕ್ಕಿಸಿಬಿಡ್ರಿ ಅತ್ಲಾಗ" ಎಂದು ಧಾರವಾಡದ ಧಾಟಿಯಲ್ಲಿ ಅಪ್ಪಣೆ ಕೊಟ್ಟರು. ಕರೆಂಟಿನ ಒಲೆ ಅವರ ಕಾರಿನ ಡಿಕ್ಕಿಯಲ್ಲೇ ಇತ್ತು. ಗ್ಯಾರೇಜಿನಲ್ಲಿ ಸಮತಟ್ಟಾದ, ಧೂಳಿಲ್ಲದ ಜಾಗ ಒಂದೇ ಒಂದಿತ್ತು. ಪ್ರಾಧಿಕಾರವು ಎಲ್ಲರಿಗೂ ಕುರ್ಚಿ ತರಲು ಒಳಗೆ ಹೋಗಿದ್ದಾಗ ಒಲೆಯನ್ನು ಅದರ ಮೇಲೆ ಇಡಲಾಯಿತು. ಹಾಲು ಉಕ್ಕಿತು. ಪೂರ್ವ ದಿಕ್ಕಿಗೇ ಉಕ್ಕಿತೆಂದು ಚಪ್ಪಾಳೆ ಬಿತ್ತು. ಇನ್ನೂ ಎಣ್ಣೆ ಕಾಣದ ಹಸೀ ಮೈಯ ವಾಲ್ನಟ್ ಮರ ಆ ಹಾಲನ್ನು ಗಟಗಟನೆ ಕುಡಿಯಿತು.

ಪ್ರಾಧಿಕಾರವು ಕುರ್ಚಿಗಳನ್ನು ಅಲ್ಲೇ ಬಿಟ್ಟಿತು. ಕೆಳಕ್ಕೆ ಬಿಟ್ಟಿತೋ, ಎಸೆಯಿತೋ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದ್ದು, ಅದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

ಆದುದರಿಂದ, ಎಲ್ಲ ಅಂಶಗಳನ್ನೂ ಕೂಲಂಕಷವಾಗಿ, ಸಾಧ್ಯವಾದಷ್ಟು ಸಮಾಧಾನದಿಂದ ಪರಿಶೀಲಿಸಿ, ಕೆಳಕಂಡ ಕಟ್ಟಳೆಗಳನ್ನು ಈ ಮೂಲಕ ಜಾರಿಗೊಳಿಸಲಾಗಿದೆ:

1. ವ್ಯಾಖ್ಯೆಗಳು.
(ಅ) ಕೂತರೆ ಕೆಳಗೆ ಸಿಗುವುದು ಮಣೆ. ಒಳಹೊಕ್ಕರೆ ತಲೆಯ ಮೇಲೆ ಸೂರು ಸಿಗುವುದು ಮನೆ.
(ಆ) ಸಂದೇಹ ಬಂದಲ್ಲಿ ಎತ್ತಿ ನೋಡತಕ್ಕದ್ದು. ಎತ್ತಲು ಬಂದರೆ ಅದು ಮನೆಯಲ್ಲ.
(ಇ) ಎತ್ತಿದ್ದನ್ನು ಎತ್ತಿದ ಜಾಗದಲ್ಲೇ ಇಳಿಸತಕ್ಕದ್ದು.

2. ಇನ್ನು ಮುಂದೆ ಬಳಗದ ಗುಂಪಿನಲ್ಲಿ ಮಣೆಯ ಪ್ರಸ್ತಾಪ ಬಂದಾಗ ಕನ್ನಡದ ಣ ಅಕ್ಷರವನ್ನೇ ಬಳಸತಕ್ಕದ್ದು. ಫೋನಿನಲ್ಲಿ ಕನ್ನಡ ಇಲ್ಲದವರು ಇಂಗ್ಲಿಷಿನ ಎನ್ ಅಕ್ಷರವನ್ನು ದೊಡ್ಡದಾಗಿ ಹಾಕತಕ್ಕದ್ದು. ಅದೂ ಬಾರದವರು ಮಣೆಯ ಚಿತ್ರ ಬರೆದು ಕಳಿಸಬಹುದು. ಈ ನಿಯಮವು ಪ್ರಾಧಿಕಾರದ ಹೆಸರಿಗೂ ಅನ್ವಯಿಸುತ್ತದೆ. ತಿಪ್ಪಣ್ಣ ಎಂಬ ಹೆಸರಿನಲ್ಲಿ ಅಣ್ಣ ಇದ್ದಾನೆ, ಅನ್ನ ಇಲ್ಲ. ಇಷ್ಟು ವರ್ಷ "ತಿಪ್ಪನ್ನ" ಎಂದು ಕರೆದವರನ್ನು ಈ ಒಂದು ಬಾರಿ ಕ್ಷಮಿಸಲಾಗಿದೆ.

3. ಗ್ಯಾರೇಜು ಪ್ರವೇಶಿಸುವವರು ಬಾಗಿಲ ಬಳಿ ನಿಂತು "ಮಣೆ" ಎಂದು ಗಟ್ಟಿಯಾಗಿ ಹೇಳತಕ್ಕದ್ದು. ನಾಲಿಗೆಯ ತುದಿ ಮಡಚಿ ಅಂಗುಳಕ್ಕೆ ತಗುಲಿದ್ದು ಹೊರಗಿನವರೆಗೂ ಕೇಳಿಸಬೇಕು. ಈ ದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಮೂರು ಅವಕಾಶ. ಅವರ ಅಪ್ಪ-ಅಮ್ಮಂದಿರಿಗೆ ಒಂದೇ. ತಾವು ಮೈಸೂರಿನವರೆಂಬ ಕಾರಣಕ್ಕೆ ಪರೀಕ್ಷೆಯಿಂದ ವಿನಾಯಿತಿ ಕೇಳಕೂಡದು. "ಮಳೆ" ಎಂದವರಿಗೆ ಛತ್ರಿ ಕೊಟ್ಟು ವಾಪಸು ಕಳಿಸಲಾಗುವುದು.

4. ಹಾಲು, ಮೊಸರು, ಮಜ್ಜಿಗೆ, ಪಾಯಸ ಹಾಗೂ ಉಕ್ಕುವ ಗುಣವುಳ್ಳ ಇತರೆ ಯಾವುದೇ ಪದಾರ್ಥವನ್ನು ಗ್ಯಾರೇಜಿನೊಳಗೆ ತರುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ. ಮುಚ್ಚಳವಿರುವ ಲೋಟದಲ್ಲಿ ಚಹಾ ತರಬಹುದು. ಆ ಲೋಟವನ್ನು ಗರಗಸದ ಮೇಜಿನ ಮೇಲೆ ಇಡಕೂಡದು. ಇಟ್ಟಲ್ಲಿ, ಲೋಟ ಎರಡಾದರೆ ಶಾಖೆ ಹೊಣೆಯಲ್ಲ.

5. ಗೃಹಪ್ರವೇಶದ ನಿಮಿತ್ತ ಬಂದ ಉಡುಗೊರೆಗಳನ್ನು ಬಂದವರಿಗೇ ಹಿಂದಿರುಗಿಸಲಾಗುವುದು. ತಮ್ಮ ಡಬ್ಬ ಯಾವುದೆಂದು ಗುರುತಿಸಲಾಗದವರು ಒಳಗೇನಿದೆ ಎಂದು ಹೇಳಿ ಪಡೆಯತಕ್ಕದ್ದು. ಇದುವರೆಗೆ ಯಾರಿಗೂ ಹೇಳಲು ಆಗಿಲ್ಲ. ಪ್ರಾಣೇಶ ಅವರು ತಂದ ಗೋಡೆ ಗಡಿಯಾರವು ಅವರ ಸ್ವಂತ ಗೃಹಪ್ರವೇಶಕ್ಕೆ ಪ್ರಾಧಿಕಾರವೇ ಕೊಟ್ಟದ್ದಾಗಿದ್ದು, ಅದನ್ನು ಶಾಖೆಯಲ್ಲೇ ಉಳಿಸಿಕೊಳ್ಳಲಾಗಿದೆ.

6. "ಒಂದ್ನಿಮಿಷ ಕೂತು ನೋಡ್ತೀನಿ" ಎಂದು ಹಸೆಮಣೆಯ ಮೇಲೆ ಯಾರೂ ಕೂರಕೂಡದು. ಹಸೆಮಣೆ ಏರುವುದು ಎಂದರೆ ಏನೆಂದು ಈ ವಯಸ್ಸಿನವರಿಗೆ ಬಿಡಿಸಿ ಹೇಳುವ ಅಗತ್ಯವಿರಬಾರದಿತ್ತು. ಈಗಾಗಲೇ ಒಮ್ಮೆ ಏರಿದವರು ಮತ್ತೆ ಏರಬೇಕಾದಲ್ಲಿ ತಮ್ಮ ಪತ್ನಿಯವರ ಲಿಖಿತ ನಿರಾಕ್ಷೇಪಣೆ ಲಗತ್ತಿಸತಕ್ಕದ್ದು.

7. ನಿವೃತ್ತ ಪ್ರೊಫೆಸರ್ ಶ್ರೀ ಅಶ್ವತ್ಥನಾರಾಯಣ ಅವರು ಟೇಪು ಹಿಡಿದು ಮಣೆಗೆ ವಾಸ್ತುವಿನ ಆಯ ನೋಡಿ, ಉದ್ದದಲ್ಲಿ ಎರಡು ಅಂಗುಲ ಕತ್ತರಿಸಿದರೆ ಶುಭವೆಂದು ಸೂಚಿಸಿರುತ್ತಾರೆ. ಸದರಿಯವರು ಕಳೆದ ವರ್ಷ ತಮ್ಮ ದೇವರ ಕೋಣೆಯ ಚೌಕಟ್ಟಿಗೆ ಅಂಗಡಿಯ ಎರಡು-ನಾಲ್ಕು ಅಂಗುಲದ ಮರವನ್ನು ಆ ಲೆಕ್ಕದಲ್ಲೇ ಆಯ ಹಾಕಿ ಕೂರಿಸಿಕೊಂಡವರು. ಎರಡು-ನಾಲ್ಕು ಎಂದು ಮಾರುವ ಮರ ಈ ದೇಶದಲ್ಲಿ ಒಂದೂವರೆ-ಮೂರೂವರೆ ಅಳತೆಯದು ಎಂಬುದು ಮರ ತರುವ ಯಾವ ಅಮೆರಿಕನ್ ಹುಡುಗನಿಗೂ ಗೊತ್ತು. ಆಯಕ್ಕೆ ಗೊತ್ತಾಗಲಿಲ್ಲ. ಅವರ ದೇವರು ಈಗ ಇಲ್ಲದ ಅರ್ಧ ಅಂಗುಲದ ಮೇಲೆ ವಾಸವಾಗಿದ್ದು, ಚೆನ್ನಾಗಿಯೇ ಇದ್ದಾನೆ. ಆದ್ದರಿಂದ ಮಣೆಯ ಹತ್ತಿರ ಟೇಪು ತರುವುದನ್ನು ನಿರ್ಬಂಧಿಸಲಾಗಿದೆ.

8. ಉಳಿ ಹಿಡಿದು ಗೊತ್ತಿಲ್ಲದವರು ಯೂಟ್ಯೂಬಿನಲ್ಲಿ ನೋಡಿದ ಮರಗೆಲಸದ ಬಗ್ಗೆ ಸಲಹೆ ನೀಡಬಯಸಿದಲ್ಲಿ, ಅಂತಹ ಸಲಹೆಗಳನ್ನು ಹೊಟ್ಟು ಹೀರುವ ಯಂತ್ರ ಚಾಲನೆಯಲ್ಲಿರುವಾಗ ಮಾತ್ರ ನೀಡತಕ್ಕದ್ದು. ಪ್ರಾಧಿಕಾರವು ತಲೆಯಾಡಿಸುವುದನ್ನು ಒಪ್ಪಿಗೆ ಎಂದು ಭಾವಿಸಕೂಡದು. ಅದು ಯಂತ್ರದ ಅದುರು.

9. "ತಿಪ್ಪಣ್ಣ ಅಂಕಲ್, ಚೂರೇ ಚೂರು ಕೆಲಸ" ಎಂಬ ವಾಕ್ಯದೊಂದಿಗೆ ಬರುವ ಎಲ್ಲ ಅರ್ಜಿಗಳನ್ನು ತಿರಸ್ಕರಿಸಲಾಗಿದೆ. ಗೊಂಬೆ ಮೆಟ್ಟಿಲು, ಚಕ್ಕುಲಿ ಒರಳಿನ ಹಿಡಿ, ಕೇರಂ ಬೋರ್ಡಿನ ಮೂಲೆ, ಮಗುವಿನ ಸೈನ್ಸ್ ಪ್ರಾಜೆಕ್ಟಿನ ಜ್ವಾಲಾಮುಖಿಗೆ ಹಲಗೆ, ಇವೆಲ್ಲ ಚೂರು ಕೆಲಸದ ವ್ಯಾಪ್ತಿಗೆ ಬರುತ್ತವೆ. ಉಳಿದ ಚಕ್ಕೆಗಳನ್ನು ಹೋಮಕ್ಕೆ ಕೇಳುವವರ ಗಮನಕ್ಕೆ: ವಾಲ್ನಟ್ ಚಕ್ಕೆಯನ್ನು ಅಗ್ನಿದೇವ ಸ್ವೀಕರಿಸುವ ಬಗ್ಗೆ ಈ ಶಾಖೆಯಲ್ಲಿ ಯಾವುದೇ ಆದೇಶ ಬಂದಿಲ್ಲ. ನಿಮ್ಮ ಮನೆಯ ಹೊಗೆ ಎಚ್ಚರಿಕೆಯ ಡಬ್ಬ ಮಾತ್ರ ಖಂಡಿತ ಸ್ವೀಕರಿಸುತ್ತದೆ.

10. ಕುದುರೆ ಕುರಿತು. ವರನಾದ ಮಯಾಂಕ್ ಅವರಿಗೆ ಕನ್ನಡ ಬಾರದು. ಅವರ ಮನೆಯವರು ಮೆರವಣಿಗೆಗೆ ಕುದುರೆ ಕೇಳಿದ್ದು, ಪ್ರಾಧಿಕಾರವು ಒಪ್ಪಿಗೆ ನೀಡಿರಲಿಲ್ಲ. ಹೀಗಿರುವಲ್ಲಿ, ಬಳಗದ ಗುಂಪಿಗೆ ಅವರನ್ನೂ ಸೇರಿಸಿದ್ದರಿಂದ ಸದರಿ ಸಂದೇಶ ಅವರಿಗೂ ತಲುಪಿ, ಅದರಲ್ಲಿ ರೆಡಿ, ಶನಿವಾರ ಎಂಬೆರಡು ಪದಗಳಷ್ಟೇ ಅರ್ಥವಾಗಿ, ಆ ನಾಲ್ಕು ಅಕ್ಷರಗಳನ್ನು ಅವರು ಇಂಗ್ಲಿಷಿನಲ್ಲೇ 'ಮೇನ್' ಎಂದು ಓದಿಕೊಂಡರು. ಆ ಭಾಷೆಯಲ್ಲಿ ಅದು ಕುದುರೆಯ ಕತ್ತಿನ ಕೂದಲು. ಮಾವನವರು ಕುದುರೆ ಗೊತ್ತು ಮಾಡಿ, ಕೂದಲನ್ನೂ ಬಾಚಿಸಿ, ಶನಿವಾರ ನೋಡಲು ಕರೆದಿದ್ದಾರೆಂದು ತಿಳಿದು, ಒಂದು ಚೀಲ ಗಜ್ಜರಿಯೊಂದಿಗೆ ಬಂದು "ಅಂಕಲ್, ವೇರ್ ಈಸ್ ಶೀ?" ಎಂದು ಕೇಳಿರುತ್ತಾರೆ. ಆ ಹೊತ್ತಿಗೆ ಹಾಲು ಉಕ್ಕಿ ಮೂರು ನಿಮಿಷವೂ ಆಗಿರಲಿಲ್ಲ. ಪ್ರಾಧಿಕಾರ ಕೊಟ್ಟ ಉತ್ತರದ ಅರ್ಥವನ್ನು ಅವರಿಗೆ ಇದುವರೆಗೆ ಯಾರೂ ಹೇಳದಿರುವುದು ಎರಡೂ ಕುಟುಂಬಗಳ ಪುಣ್ಯ. ಸದರಿ ಗಜ್ಜರಿಯನ್ನು ಚೆಲ್ಲದೆ ಉಳಿದ ಹಾಲಿನೊಂದಿಗೆ ಸೇರಿಸಿ ಶೈಲಮ್ಮ ಅವರು ಹಲ್ವಾ ರೂಪದಲ್ಲಿ ವಿಲೇವಾರಿ ಮಾಡಿದರು. ಬಂದವರೆಲ್ಲ ಎರಡೆರಡು ಸಲ ಹಾಕಿಸಿಕೊಂಡರು. ಕುದುರೆ ಇಲ್ಲ.

11. ಕಲೆ ಕುರಿತು. ಹಾಲಿನ ಕಲೆಯನ್ನು ತೆಗೆಯಲು ಪ್ರಾಧಿಕಾರವು ಉಜ್ಜುವ ಕೆಲಸವನ್ನು ಕೈಗೆತ್ತಿಕೊಂಡಿತು. ಪ್ರಾಣೇಶ ಅವರು ಪಕ್ಕದಲ್ಲೇ ನಿಂತು "ಹಾಲು ಕುಡದ ಕಟ್ಟಿಗಿ ಗಟ್ಟಿ ಆಗತದ, ಚಿಂತಿ ಮಾಡಬ್ಯಾಡ್ರೀ ತಿಪ್ಪಣ್ಣಾರ" ಎಂದು ಧೈರ್ಯ ಹೇಳಿದ್ದು, ಅವರನ್ನು ಗ್ಯಾರೇಜಿನಿಂದ ಹೊರಕ್ಕೆ ವರ್ಗಾಯಿಸಲಾಯಿತು. ಉಜ್ಜಿದಷ್ಟೂ ಕಲೆ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಕೊನೆಗೆ ಶೈಲಮ್ಮ ಅವರು ಬಂದು, "ಉಜ್ಜಿ ಉಜ್ಜಿ ಮಣಿ ಹೋಗಿ ಹಪ್ಪಳ ಆಗತೈತಿ. ಸಾಕ್ ಬಿಡ್ರಿ ಇನ್ನ, ಮಗಳ ಮದವಿ ಐತಿ, ಮಣಿ ಮದವಿ ಅಲ್ಲ" ಎಂದು ಆದೇಶಿಸಿದ ಮೇರೆಗೆ ಕಾಮಗಾರಿ ಸ್ಥಗಿತಗೊಂಡಿತು. ಉಳಿದ ಕಲೆಯಲ್ಲಿ ಗಣಪತಿಯ ಸೊಂಡಿಲು ಕಾಣಿಸುತ್ತದೆಂದು ಅಲಮೇಲು ಅವರು ಗುಂಪಿನಲ್ಲಿ ಫೋಟೋ ಹಾಕಿದ್ದು, ರಾಬಿನ್ಸ್‌ವಿಲ್‌ನ ದೊಡ್ಡ ದೇವಸ್ಥಾನಕ್ಕೆ ಬಂದವರು ಹಾಗೇ ಇತ್ತಲೂ ಬಂದು ಹೋಗುವುದಾಗಿ ತಿಳಿಸುತ್ತಿದ್ದಾರೆ. ಅದು ಹಾಲಿನ ಕಲೆ. ಗ್ಯಾರೇಜಿನಲ್ಲಿ ದರ್ಶನದ ವೇಳೆ ಇರುವುದಿಲ್ಲ. ಮಣೆಯ ಅಂಚಿಗೆ ತೆಂಗಿನಕಾಯಿ ಒಡೆಯಲು ಯತ್ನಿಸಿದವರ ಕಾಯಿಯನ್ನೂ ಕಾಯಿ ಹಿಡಿದವರನ್ನೂ ವಶಕ್ಕೆ ಪಡೆಯಲಾಗುವುದು.

12. ಕಾಲು ಕುರಿತು. ಸಿಂಹಾಸನದ ವಿಷಯದಲ್ಲಿ ಪ್ರಾಧಿಕಾರವು ಮಗಳ ಮೇಲೆ ಈವರೆಗೆ ಮೂರು ಬಾರಿ ಕೂಗಾಡಿದ್ದು, ಕಾರಣವನ್ನು ಒಂದು ಬಾರಿಯೂ ಕೇಳಿರಲಿಲ್ಲ. ಉಲ್ಲೇಖ (4)ರ ಫೋನಿನಲ್ಲಿ ರಕ್ಷಾ ಅವರು ಈ ಕೆಳಗಿನಂತೆ ನುಡಿದಿರುತ್ತಾರೆ: "ಅಪ್ಪಾ, ಸ್ಟಾಪ್. ಮಯಾಂಕ್‌ಗ ನೀ ಸರ್ಜರಿ ಆಗೈತಿ ಅಂತ ಗೊತ್ತಿಲ್ಲೇನು ನಿಂಗ? ಫ್ಲೋರ್ ಮ್ಯಾಲ ಅಷ್ಟೊತ್ತು ಹೆಂಗ್ ಕೂಡ್ತಾನ? ಅದಕ್ಕ ಚೇರ್ ಅಂದೆ. ಐ ನೆವರ್ ಸೆಡ್ ನಿನ್ ಮಣಿ ಬ್ಯಾಡ ಅಂತ." ('ನೀ' ಎಂದರೆ ಇಲ್ಲಿ ಮೊಣಕಾಲು. ಶಸ್ತ್ರಚಿಕಿತ್ಸೆ ಆಗಿರುವುದು ವರನಿಗೆ, ಪ್ರಾಧಿಕಾರಕ್ಕಲ್ಲ.) ಪ್ರಾಧಿಕಾರವು ಏನಾದರೂ ಹೇಳುವಷ್ಟರಲ್ಲಿ ಟ್ರೈನು ಸುರಂಗ ಹೊಕ್ಕಿದ್ದರಿಂದ ಫೋನು ಕಡಿದುಹೋಯಿತು. ಕಡೆಯ ವಾಕ್ಯದಲ್ಲಿ ಣಕಾರವು ಸ್ಪಷ್ಟವಾಗಿ ಕೇಳಿಸಿದ್ದನ್ನು ಇಲ್ಲಿ ನಮೂದಿಸಲಾಗಿದೆ. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ಹುಡುಗಿ.

ಈ ಹಿನ್ನೆಲೆಯಲ್ಲಿ, ಮೊಣಕಾಲು ಮಡಿಸಲಾಗದವರು ಕುದುರೆ ಏರುವುದು ಹೇಗೆಂದು ವರನ ಕಡೆಯಿಂದ ವಿವರಣೆ ಕೇಳುವ ಪ್ರಸ್ತಾವವನ್ನು ಕೈಬಿಟ್ಟು, ಹಸೆಮಣೆಗೆ ನಾಲ್ಕು ಕಾಲುಗಳನ್ನು ಮಂಜೂರು ಮಾಡಲಾಗಿದೆ. ಮೊಳೆ ಹೊಡೆಯದೆ, ಬೆಣೆ ಬಿಗಿದು ಕೂರಿಸುವ ಕಾಲುಗಳು. ವರನ ಮೊಣಕಾಲು ಸರಿಹೋದ ದಿನ ಬಿಚ್ಚಿ ಇಡಬಹುದು. ಕಾಲು ಬಂದ ಮೇಲೆ ಅದ್ಯಾವ ಮಣೆ, ಅದು ಬೆಂಚು ಎಂದು ಅಶ್ವತ್ಥನಾರಾಯಣ ಅವರು ಆಕ್ಷೇಪಣೆ ಸಲ್ಲಿಸಿದ್ದಾರೆ. ಪ್ರಾಧಿಕಾರವೂ ಹೋದ ವಾರದವರೆಗೆ ಇದೇ ಮಾತನ್ನು ಇದಕ್ಕಿಂತ ಜೋರಾಗಿ ಹೇಳುತ್ತಿತ್ತು ಎಂಬುದು ದಾಖಲೆಯಲ್ಲಿದೆ. ಆ ಅಭಿಪ್ರಾಯವನ್ನು ಈ ಮೂಲಕ ರದ್ದುಪಡಿಸಲಾಗಿದೆ. ಅದು ಕಾಲುಳ್ಳ ಮಣೆ. ಬೆಂಚು ಎಂದವರನ್ನು ಮದುವೆ ಊಟದ ಕೊನೆಯ ಪಂಕ್ತಿಗೆ ಕೂರಿಸಲಾಗುವುದು. ಆ ಪಂಕ್ತಿಯವರೆಗೆ ಹೋಳಿಗೆ ಉಳಿಯುವ ಬಗ್ಗೆ ಯಾವುದೇ ಭರವಸೆ ಇಲ್ಲ.

13. ಮೇಲಿನ ಕಟ್ಟಳೆಗಳು ತಕ್ಷಣದಿಂದ, ಗ್ಯಾರೇಜಿನ ಬಾಗಿಲು ಮೇಲೇರುವ ಸದ್ದಿನೊಂದಿಗೆ ಜಾರಿಗೆ ಬರುತ್ತವೆ. ಉಲ್ಲಂಘಿಸಿದವರಿಗೆ ಮಣೆ ಹಾಕಲಾಗುವುದಿಲ್ಲ. ಎರಡೂ ಅರ್ಥದಲ್ಲಿ.

(ಸಹಿ)
ತಿಪ್ಪಣ್ಣ
ಸಕ್ಷಮ ಪ್ರಾಧಿಕಾರ ಹಾಗೂ ವಧುವಿನ ತಂದೆ
ಗ್ಯಾರೇಜು ಶಾಖೆ, ಮನ್ರೋ

ಪ್ರತಿಗಳು:

1. ಶ್ರೀ ಪ್ರಾಣೇಶ ಮತ್ತು ಶ್ರೀಮತಿ ಅಲಮೇಲು ಅವರಿಗೆ, ಒಂದೇ ಪ್ರತಿ. ಒಲೆಯನ್ನು ಒಯ್ಯಲು ಬರುವಾಗ ಗಂಡಹೆಂಡತಿ ಇಬ್ಬರೂ ಕಂಡಿಕೆ 3ರ ಪರೀಕ್ಷೆಗೆ ಸಿದ್ಧರಾಗಿ ಬರತಕ್ಕದ್ದು.

2. ಪ್ರೊಫೆಸರ್ ಅಶ್ವತ್ಥನಾರಾಯಣ ಅವರಿಗೆ, ಒಂದೂವರೆ ಪ್ರತಿ. (ಎರಡು ಎಂದು ಓದಿಕೊಳ್ಳತಕ್ಕದ್ದು.)

3. ಬಡಾವಣೆ ಸಂಘದ ಕಾರ್ಯದರ್ಶಿಯವರಿಗೆ, ಉತ್ತರ ರೂಪವಾಗಿ. ಅಂದು ನಡೆದದ್ದು ಸಭೆಯಲ್ಲ, ಅಂಗಡಿಯಲ್ಲ, ಧಾರ್ಮಿಕ ಕೇಂದ್ರದ ಉದ್ಘಾಟನೆಯೂ ಅಲ್ಲ. ಅದು ಕಾಗುಣಿತ.

4. ಚಿ. ಮಯಾಂಕ್ ಅವರಿಗೆ, ಇಂಗ್ಲಿಷ್ ಅನುವಾದದೊಂದಿಗೆ. ಕಂಡಿಕೆ 10ನ್ನು ಅನುವಾದಿಸುವುದಿಲ್ಲ.

5. ಶ್ರೀಮತಿ ಶೈಲಮ್ಮ ಅವರಿಗೆ, ಮಾಹಿತಿಗಾಗಿ. ಮದುವೆ ಮುಗಿದ ಮಾರನೆಯ ದಿನ ಕಾರು ಒಳಕ್ಕೆ ಬರುತ್ತದೆ.

6. ಕುಮಾರಿ ರಕ್ಷಾ ಅವರಿಗೆ. ಕಾಲು ಕೂರಿಸಿ ಎಣ್ಣೆ ಹಚ್ಚಿದ್ದು, ಈ ವಾರದಲ್ಲಿ ಒಣಗುತ್ತದೆ. ಎತ್ತರ ಸರಿಹೋಯಿತೋ ಇಲ್ಲವೋ ಪ್ರಾಧಿಕಾರಕ್ಕೆ ತಿಳಿಯುತ್ತಿಲ್ಲ. ಭಾನುವಾರ ಬಿಡುವಾದರೆ ಒಮ್ಮೆ ಬಂದು ಕೂತು ನೋಡಬೇಕೆಂದು ವಿನಂತಿ. (ಈ ಶಾಖೆಯಿಂದ ಹೊರಟ ಯಾವ ಪತ್ರದಲ್ಲೂ ಈ ಪದ ಹಿಂದೆ ಬಳಕೆಯಾಗಿಲ್ಲ.)